ಹಾಯಿದೋಣಿಯಲ್ಲಿ ನನಗೊಂದು ಎಲೆ

ನನ್ನ ತಮ್ಮ ರುದ್ರೇಶ ಗಟ್ಟಿ ನೆಲದ ಮೇಲೆ ನಿಂತರೂ ಕಾಲು ಅಗಲಿಸಿಯೇ ನಿಲ್ಲುತ್ತಿದ್ದ. ನಮ್ಮ ತವರು ಯಗಟಿಯ ಬಸ್ ಸ್ಟಾಪಿನಲ್ಲಿ, ಮಠದ ಅಂಗಳದಲ್ಲಿ, ಅಜ್ಜಂಪುರದ ನಮ್ಮ ಮನೆಯ ಅಡಿಗೆಮನೆ ಬಾಗಿಲಲ್ಲಿ, ಎಲ್ಲೇ ಆಗಲಿ, ಇನ್ನೊಂದು ಗಳಿಗೆಗೆ ನೆಲ ಒಂದು ಕಡೆ ವಾಲಿಬಿಡುತ್ತದೆ ಎನ್ನುವವನ ಹಾಗೆ.

"ಯಾಕೋ ಹಿಂಗ್ ನಿಂತ್ಕಂತೀಯ, ಕುಸ್ತಿಗೆ ಬಂದವನ ಥರ?" ಎಂದರೆ, "ನಿಮ್ ನೆಲ ನಂಬಕ್ಕಾಗಲ್ಲ ಕಣಕ್ಕ, ಒಂಚೂರೂ ಅಲ್ಲಾಡಲ್ಲ" ಎನ್ನುತ್ತಿದ್ದ.

ಅವನೂ ನನ್ನ ಹಾಗೆಯೇ ಶಾಲೆ ಬೇಗ ಬಿಟ್ಟವನು. ತರೀಕೆರೆಯಲ್ಲಿ ಲಾರಿಗಳಿಗೆ ಟಾರ್ಪಾಲು ಹೊಲಿಯುವ ಅಂಗಡಿಯಲ್ಲಿ ಕೆಲಸ ಕಲಿತ. ಕಾಯಿ ಲಾರಿಯೊಂದರ ಜೊತೆ ಕೊಚ್ಚಿಗೆ ಹೋದವನು ಅಲ್ಲೇ ದೋಣಿಗಳ ಹಾಯಿ ಹೊಲಿಯಲು ನಿಂತ. "ಎರಡೂ ಒಂದೇ ಬಟ್ಟೆ ಅಕ್ಕ. ಟಾರ್ಪಾಲು ಗಾಳೀನ ಹೊರಗಿಡ್ತದೆ, ಹಾಯಿ ಹಿಡ್ಕಂತದೆ, ಅಷ್ಟೇ." ಅವನ ಹೊಲಿಗೆ ಮೆಚ್ಚಿದ ಒಬ್ಬ ಹಿರಿಯರು ತಮ್ಮ ಹಾಯಿದೋಣಿಯನ್ನು ನೋಡಿಕೊಳ್ಳಲು ಇಟ್ಟುಕೊಂಡರು. ಅವರು ವರ್ಷದಲ್ಲಿ ಸ್ವಲ್ಪ ಕಾಲ ಬಂದು ಸಮುದ್ರ ಸುತ್ತಿ ಹೋಗುತ್ತಿದ್ದರು. ಉಳಿದ ದಿನವೆಲ್ಲ ದೋಣಿಯೇ ರುದ್ರೇಶನ ಮನೆ. ಅವನಿಗೆ ಈಜು ಬರುತ್ತಿರಲಿಲ್ಲ. ಗಾಬರಿಯಿಂದ ಕೇಳಿದ್ದಕ್ಕೆ, "ದೋಣಿಗೆ ಬತ್ತದಲ್ಲ, ಸಾಕು. ಯಾರಿಗೂ ಹೇಳ್ಬೇಡ" ಎಂದು ನಕ್ಕಿದ್ದ.

ಊರಿನವರು ನಗಲಿಲ್ಲ. ನಾವು ಲಿಂಗ ಕಟ್ಟಿಕೊಂಡ ಮನೆಯವರು. ಸಮುದ್ರದ ಕೆಲಸ ಎಂದರೆ ಮೀನು ತಿಂದೇ ತಿಂದಿರುತ್ತಾನೆ ಎಂಬ ಮಾತು ಹುಟ್ಟಿಕೊಂಡಿತು. ನಾನೂ ಒಮ್ಮೆ ಕೇಳಿದೆ. "ಆ ಊರಲ್ಲಿ ಮೂಗಿಗೆ ಮಡಿ ಇಲ್ಲ ಕಣಕ್ಕ. ಬಾಯಿಗೆ ಐತೆ" ಎಂದ. ನಾನು ನಂಬಿದೆ. ಆದರೆ ನಮ್ಮ ಮೈದುನನ ಮದುವೆಯಲ್ಲಿ ಅವನು ಊಟಕ್ಕೆ ಕೂತಾಗ ಪಕ್ಕದ ಇಬ್ಬರು ಎಲೆ ಬಿಟ್ಟು ಎದ್ದು ಬೇರೆ ಸಾಲಿಗೆ ಹೋದರು. ಅವನು ಎದ್ದು, ಪಂಚೆ ಎತ್ತಿ ಕಟ್ಟಿ, ಸಾರಿನ ಬಕೆಟ್ಟು ಹಿಡಿದ. ಬಡಿಸಿದರೆ ಯಾರೂ ಬೇಡ ಎನ್ನಲಾರರು ಎಂದುಕೊಂಡಿದ್ದನೇನೋ. ಕೆಲವರು ಎಲೆಗೆ ಕೈ ಅಡ್ಡ ಹಿಡಿದರು. ಆಮೇಲೆ ಊರಿನ ಯಾವ ಪಂಕ್ತಿಯಲ್ಲೂ ಅವನು ಕೂರಲಿಲ್ಲ, ಸೌಟನ್ನೂ ಮುಟ್ಟಲಿಲ್ಲ. ಬರುವುದೇ ಕಮ್ಮಿ ಮಾಡಿದ.

ಹಾಗಿದ್ದವನು ಒಂದು ಸಲ ಫೋನು ಮಾಡಿ, "ಅಕ್ಕ, ನೀವೇ ಬನ್ನಿ. ದೋಣಿ ಮೇಲೆ ಇರಿ, ಊರೆಲ್ಲ ತೋರಿಸ್ತೀನಿ. ನನ್ ಕೈಲಿ ಒಂದ್ ಹೊತ್ತು ಉಂಡ್ಹೋಗಿ" ಎಂದ. ಅವನಿಗೆ ಬೇಕಾಗಿದ್ದುದು ಆ ಕೊನೆಯ ಮಾತೇ. ನನಗೆ ಅದು ಆಗಲೇ ತಿಳಿಯಿತು. ನಮ್ಮ ಯಜಮಾನರು ತೋಟ ಬಿಟ್ಟು ಬರಲಿಲ್ಲ. ನನ್ನ ಜೊತೆ ಅವನ ಶಾಲೆಯ ಗೆಳೆಯರಿಬ್ಬರು ಹೊರಟರು. ಒಬ್ಬ ಪರಮೇಶಿ, ಜೊತೆಗೆ ಬಂದ ಅವನ ಹೆಂಡತಿ ಶಾಂತಾ ನಮ್ಮ ಅಜ್ಜಂಪುರದ ಬೀದಿಯವಳೇ. ಇನ್ನೊಬ್ಬ ಯಗಟಿಯ ನಾಗರಾಜ. ಅವನ ಮನೆಯವರು ಕೇರಿಯವರು, ಈಗ ಬೌದ್ಧರು. ನಮ್ಮ ತವರಿನಲ್ಲಿ ಅವನಿಗೆ ನೀರು ಕೊಡಲು ಬೇರೆ ಲೋಟ ಇತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ.

ನಾವು ಕೊಚ್ಚಿ ತಲುಪಿದ ಬೆಳಿಗ್ಗೆಯೇ ರುದ್ರೇಶ ಹಾಯಿ ಬಿಚ್ಚಿದ. ಊರಲ್ಲಿ ತಲೆ ತಗ್ಗಿಸಿ ಓಡಾಡುತ್ತಿದ್ದವನು ಅಲ್ಲಿ ಹಗ್ಗ ಹಿಡಿದು ಬೇರೆಯೇ ಮನುಷ್ಯನಾಗಿದ್ದ.

"ಲೇ ರುದ್ರ, ಇದಕ್ಕೆ ಬ್ರೇಕ್ ಎಲ್ಲೈತೋ?" ಎಂದು ಪರಮೇಶಿ ಹಾಯಿಕಂಬ ತಬ್ಬಿಕೊಂಡು ಕೂಗಿದ.

"ಬ್ರೇಕ್ ಇಲ್ಲ ಕಣೋ, ಲಂಗರು ಐತೆ. ನಿನ್ನೇ ಕಟ್ಟಿ ಇಳಿಸಿದ್ರೂ ನಿಂತ್ಕಂತದೆ, ಆ ಹೊಟ್ಟೆಗೆ!"

ದಡದ ಉದ್ದಕ್ಕೂ ದೊಡ್ಡ ದೊಡ್ಡ ಬಲೆಗಳು ನೀರಿಗೆ ಬಾಗಿ ಏಳುತ್ತಿದ್ದವು. ಹಳೆಯ ಗೋದಾಮುಗಳಿಂದ ಒಣಶುಂಠಿ, ಮೆಣಸಿನ ವಾಸನೆ ನೀರಿನ ಮೇಲೆ ಬರುತ್ತಿತ್ತು. "ಈ ಬಂದರು ಬಾಗಿಲಿಗೆ ಎಲ್ಲೆಲ್ಲಿಂದ್ಲೋ ಜನ ಬಂದವ್ರೆ ಅಕ್ಕ. ಬಂದೋರ್ಗೆಲ್ಲ ಈ ಊರು ಊಟಕ್ಕಿಕ್ಕೈತೆ" ಎಂದ.

ಮಧ್ಯಾಹ್ನ ಜೆಟ್ಟಿಗೆ ದೋಣಿ ಕಟ್ಟಿ, ಬಾಳೆ ಎಲೆ ಹಾಕಿದ. ಊರಿಂದ ತಂದಿಟ್ಟುಕೊಂಡಿದ್ದ ರಾಗಿಹಿಟ್ಟಿನ ಮುದ್ದೆ, ಹುರುಳಿಕಾಳಿನ ಸಾರು. ದೋಣಿ ಮೆಲ್ಲಗೆ ತೂಗುತ್ತಿತ್ತು. ಅವನು ಕಾಲು ಅಗಲಿಸಿ ನಿಂತು, ಒಂದು ತೊಟ್ಟು ಚೆಲ್ಲದೆ ಬಡಿಸುತ್ತ ನನ್ನ ಹತ್ತಿರ ಬಂದ.

"ಪಾತ್ರೆ ಎಲ್ಲಾ ಹೊಸವು ಅಕ್ಕ."

"ಹೂಂ ಗಿರಿಜಕ್ಕ, ಕಡೂರಲ್ಲಿ ತಗಂಡಾಗ ನಾನೇ ಜೊತೇಲಿದ್ದೆ" ಎಂದ ನಾಗರಾಜ. ಅವನು ಆಗಲೇ ಮುದ್ದೆ ಮುರಿಯುತ್ತಿದ್ದ.

ಶಾಂತಾ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಎಲೆ ಹಾಗೇ ಇತ್ತು. ನಾನು ನನ್ನ ಎಲೆಯ ಮೇಲೆ ಕೈ ಅಡ್ಡ ಹಿಡಿದೆ. "ಇವತ್ತು ಸೋಮವಾರ ಕಣೋ, ಒಪ್ಪತ್ತು" ಎಂದೆ.

"ಒಪ್ಪತ್ತು ಅಂದ್ರೆ ಒಂದ್ ಹೊತ್ತು ಉಣ್ಬೇಕಲ್ಲಕ್ಕ. ಈ ಹೊತ್ತೇ ಉಣ್ಣು." ನಗುತ್ತಲೇ ಹೇಳಿದ. ಸೌಟು ಹಾಗೇ ಹಿಡಿದಿದ್ದ. "ಒಂದ್ ಸೌಟು ಹಾಕ್ಲಾ?"

"ಬೇಡ ಬಿಡು, ರಾತ್ರಿ ನೋಡಾನ."

ಸಂಜೆ ದೇವಸ್ಥಾನಕ್ಕೆ ಹೋಗಿಬರುತ್ತೇವೆ ಎಂದು ಶಾಂತಾ, ನಾನು ಹೊರಟೆವು. ದೇವಸ್ಥಾನ ಹುಡುಕಲಿಲ್ಲ. ಮಟ್ಟಾಂಚೇರಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕೂತು ದೋಸೆ ತಿಂದೆವು. ಅಲ್ಲಿಯ ಪಾತ್ರೆ ಯಾರದು, ಅಡಿಗೆಯವನು ಯಾರು, ಕೇಳಲಿಲ್ಲ. ತಿನ್ನುತ್ತಿರುವಾಗ ಮಳೆ ಬಂತು. ತಲೆ ಎತ್ತಿದರೆ ಎದುರಿನ ಮಸಾಲೆ ಅಂಗಡಿಯ ಸೂರಿನಡಿ ರುದ್ರೇಶ ನಿಂತಿದ್ದ, ಕಂಕುಳಲ್ಲಿ ನಮಗೆಂದು ತಂದ ಎರಡು ಛತ್ರಿ. ಅವನು ಒಳಗೆ ಬರಲಿಲ್ಲ. ನಾವು ಕೈ ತೊಳೆದು ಹೊರಗೆ ಬರುವ ತನಕ ಬೀದಿಯ ಕಡೆ ಮುಖ ತಿರುಗಿಸಿಕೊಂಡು ಕಾದ. ಆಮೇಲೆ ದಾಟಿ ಬಂದು ನನ್ನ ತಲೆಯ ಮೇಲೆ ಛತ್ರಿ ಬಿಚ್ಚಿದ.

"ದರ್ಶನ ಆಯ್ತಾ ಅಕ್ಕ?"

"ಆಯ್ತು" ಎಂದೆ.

ಆ ರಾತ್ರಿ ತಲೆನೋವೆಂದು ಮಲಗಿದೆ. ಮರುದಿನ ರೈಲು ಹತ್ತಿಸುವಾಗ ಅವನು ಕಟ್ಟಿಕೊಡುವುದಕ್ಕೆ ಅಡಿಗೆ ಮಾಡಿರಲಿಲ್ಲ. ಬಾಳೆಹಣ್ಣು ಕೊಂಡುತಂದಿದ್ದ, ಸಿಪ್ಪೆ ಇರುವ ಹಣ್ಣು. ರೈಲು ಹೊರಟಾಗ ಪ್ಲಾಟ್‌ಫಾರಂ ಮೇಲೆ ಕಾಲು ಅಗಲಿಸಿ ನಿಂತಿದ್ದ. ಅದೇ ಕೊನೆ. ಮುಂದಿನ ಮಳೆಗಾಲಕ್ಕೆ ಮೊದಲೇ, ಹಾಯಿ ಹೊಲಿಯುತ್ತ ಕೂತವನು ಎದೆನೋವೆಂದು ಬಟ್ಟೆಯ ಮೇಲೆಯೇ ಒರಗಿದನಂತೆ.

ಪಾತ್ರೆ ಹೊಸದೋ ಹಳೆಯದೋ ಎಂಬ ಅನುಮಾನದಿಂದ ಉಣ್ಣಲಿಲ್ಲ ಎಂದು ನಮ್ಮ ಯಜಮಾನರಿಗೆ ಹೇಳಿದ್ದೆ, ಅಮ್ಮನಿಗೂ ಹೇಳಿದ್ದೆ. ಅದು ಸುಳ್ಳು. ಅವನು ಸಾರಿನ ಪಾತ್ರೆ ಬಗ್ಗಿಸಿದಾಗ ಅಂಚಿನ ಮೇಲೆ ಅಂಗಡಿಯವರು ಕೊರೆದ ಅಕ್ಷರ ನನಗೆ ಕಂಡಿತ್ತು. ಗಿರಿಜಮ್ಮ, ಅಜ್ಜಂಪುರ. ಉಂಡಾದ ಮೇಲೆ ನನಗೇ ಕೊಟ್ಟು ಕಳಿಸಬೇಕೆಂದು ನನ್ನ ಹೆಸರು ಹಾಕಿಸಿದ್ದ. ನನಗೆ ಅನುಮಾನ ಇರಲಿಲ್ಲ. ಶಾಂತಾ ಬೀದಿಗೆ ಹೋಗಿ ಏನು ಹೇಳುತ್ತಾಳೋ ಎಂಬ ಹೆದರಿಕೆ ಇತ್ತು, ಅಷ್ಟೇ. ಒಂದು ಫೋನಿನಲ್ಲಿ ಇದನ್ನು ಅವನಿಗೆ ಹೇಳಬಹುದಿತ್ತು. ಇವತ್ತು, ನಾಳೆ ಎಂದು ತಳ್ಳಿದೆ.

ಅವನು ತೀರಿಕೊಂಡ ಮೇಲಿನ ಶಿವಗಣಾರಾಧನೆಯ ದಿನ ಯಗಟಿಯ ಮನೆ ತುಂಬ ಜನ. ಮದುವೆಯಲ್ಲಿ ಎಲೆ ಬಿಟ್ಟು ಎದ್ದವರೂ ಬಂದಿದ್ದರು. ಕೊಚ್ಚಿಗೆ ಹೋಗಿ ಅವನ ಸಾಮಾನು ತಂದಿದ್ದ ನಾಗರಾಜ ಆ ಪಾತ್ರೆಯನ್ನು ನನ್ನ ಮುಂದಿಟ್ಟ. ನಾನು ಅದರಲ್ಲೇ ಸಾರು ತುಂಬಿ, ಸೌಟು ಅವನ ಕೈಗೆ ಕೊಟ್ಟೆ. "ನಾನಾ ಅಕ್ಕ?" ಎಂದ. "ನೀನೇ ಬಡಿಸಪ್ಪ" ಎಂದು ಹೋಗಿ ಎಲೆಯ ಮುಂದೆ ಕೂತೆ.

ನನ್ನ ಪಕ್ಕ ಶಾಂತಾ ಕೂತಿದ್ದಳು. ನಾಗರಾಜ ಬಗ್ಗಿದಾಗ ಅವಳು ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಸಾಕಪ್ಪ, ಹೊಟ್ಟೆ ತುಂಬೈತೆ" ಎಂದಳು. ಅವಳ ಎಲೆಯಲ್ಲಿ ಇನ್ನೂ ಏನೂ ಬಿದ್ದಿರಲಿಲ್ಲ. ಬಡಿಸುವವನ ಕಣ್ಣಿಗೆ ಆ ಕೈ ಹೇಗೆ ಕಾಣುತ್ತದೆ ಎಂದು ಆಗ ನೋಡಿದೆ.

ನಾಗರಾಜ ನನ್ನ ಕಡೆ ತಿರುಗಿದ.

"ಹಾಕ್ಲಾ ಅಕ್ಕ?"

"ಹಾಕಪ್ಪ" ಎಂದೆ. ಬಿಸಿ ಸಾರು ಎಲೆಗೆ ಬಿತ್ತು. ನಾಗರಾಜ ಎರಡೂ ಪಾದ ಜೋಡಿಸಿ ನೆಟ್ಟಗೆ ನಿಂತಿದ್ದ, ಎಲ್ಲರೂ ನಿಲ್ಲುವ ಹಾಗೆ.