ಶಾಲೆಯ ಪಾಲಿನ ಬೊಗಸೆ ಗೂಡು

ರೇಷ್ಮೆಗೂಡು ಬಿಡಿಸುವ ದಿನ ಊರಿನ ಪ್ರತಿ ಮನೆಯವರೂ ಒಂದು ಬೊಗಸೆ ಗೂಡನ್ನು ಶಾಲೆಗೆಂದು ಪಕ್ಕಕ್ಕೆ ತೆಗೆದಿಡುತ್ತಿದ್ದರು. ಎಂಬತ್ತರ ದಶಕದ ಕೊನೆಯಲ್ಲಿ ಚನ್ನರಾಯಪಟ್ಟಣ ಹೋಬಳಿಯ ಆ ಊರಿಗೆ ನಾನು ಟೀಚರಾಗಿ ಹೋದಾಗ ಈ ಪದ್ಧತಿ ಆಗಲೇ ನಡೆದುಬಂದಿತ್ತು. ಶಾಲೆಯೆಂದರೆ ಒಂದೇ ಕೋಣೆ, ನಾಲ್ಕು ತರಗತಿ, ನಾನೊಬ್ಬಳೇ. ಮುಖ್ಯೋಪಾಧ್ಯಾಯರ ಕುರ್ಚಿಯ ಪ್ರಭಾರವೂ ನನಗೇ ಬಂದಿತ್ತು, ಕುರ್ಚಿ ಮಾತ್ರ ಇರಲಿಲ್ಲ.

ಗೂಡನ್ನೆಲ್ಲ ಸೇರಿಸಿಕೊಳ್ಳುತ್ತಿದ್ದವರು ಶಾಲಾ ಸಮಿತಿಯ ಅಧ್ಯಕ್ಷರು. ಊರಿನಲ್ಲಿ ಹೆಚ್ಚು ಜಮೀನಿದ್ದವರು, ಎಲ್ಲರ ಬಾಯಲ್ಲೂ ಯಜಮಾನರು. ಮನೆಮನೆಯ ಬೊಗಸೆ ಬೆರೆತ ಗೂಡಿಗೆ ಹರಾಜಿನಲ್ಲಿ ಒಳ್ಳೆಯ ಬೆಲೆ ಬರುವುದಿಲ್ಲ. ಅದಕ್ಕೇ ಅವರು ಅದನ್ನು ತೂಗಿ, ತಮ್ಮ ಒಳ್ಳೆಯ ಗೂಡಿಗೇ ಬೆರೆಸಿ, ತಮ್ಮ ಬೆಲೆಯನ್ನು ಒಂದಿಷ್ಟು ಕಳೆದುಕೊಂಡು ಹತ್ತಿರದ ವಿಜಯಪುರದ ರೇಷ್ಮೆ ಮಾರುಕಟ್ಟೆಗೆ ಹಾಕುತ್ತಿದ್ದರು. ಹರಾಜಿನ ಚೀಟಿ ಅವರ ಹೆಸರಿಗೇ ಬರುತ್ತಿತ್ತು. ಶಾಲೆಯ ಪಾಲು ಎಷ್ಟಾಯಿತೆಂದು ನನಗೂ ಬಂದು ಹೇಳುತ್ತಿದ್ದರು.

ಆ ದುಡ್ಡಿನಲ್ಲಿ ಎರಡು ಕೋಣೆಗೆ ಗೋಡೆ ಎದ್ದಿತು. ಕಲ್ಲು ಅವರದೇ ಟ್ರ್ಯಾಕ್ಟರಿನಲ್ಲಿ ಬಂತು, ಮರಳು ಹಳ್ಳದಿಂದ ಬಂತು. ಊರಿನ ಗಾರೆ ಕೆಲಸದವನಿಗೆ ಕೂಲಿ ಅರ್ಧ ದುಡ್ಡು, ಅರ್ಧ ರಾಗಿ. ಪಾಠ ಹೇಳುತ್ತಲೇ ನಾನು ಆ ಗೋಡೆಗಳು ಏಳುವುದನ್ನು ದಿನಾ ನೋಡುತ್ತಿದ್ದೆ. ಬರುವ ಬೆಳೆಗಳ ಬೊಗಸೆಯಲ್ಲಿ ಚಾವಣಿ ಎಂದು ಮಾತಾಗಿತ್ತು.

ಅಷ್ಟರಲ್ಲಿ ಶಾಲೆಗಳ ಇನ್ಸ್‌ಪೆಕ್ಟರು ಬಂದರು. ಗೋಡೆ ನೋಡಿ, ಇದಕ್ಕೆ ದುಡ್ಡು ಎಲ್ಲಿಂದ ಬಂತು ಎಂದರು. ಹೇಳಿದೆ. ಅವರು ಚೀಲದಿಂದ ಒಂದು ಸುತ್ತೋಲೆ ತೆಗೆದು ಓದಿದರು. ಶಾಲೆಯ ಹೆಸರಿನಲ್ಲಿ ಕೂಡಿಸಿದ ದುಡ್ಡಿಗೆಲ್ಲ ರಸೀದಿ ಇರಬೇಕು, ಅಧ್ಯಕ್ಷರೂ ಮುಖ್ಯೋಪಾಧ್ಯಾಯರೂ ಸೇರಿ ತೆರೆದ ಬ್ಯಾಂಕ್ ಖಾತೆಯಲ್ಲಿ ಅದು ಇರಬೇಕು, ಬಿಲ್ಲಿಲ್ಲದ ಖರ್ಚು ಖರ್ಚೇ ಅಲ್ಲ. ತಿಂಗಳೊಳಗೆ ಸರಿಪಡಿಸದಿದ್ದರೆ ಇಬ್ಬರ ಮೇಲೂ ವರದಿ ಬರೆಯಬೇಕಾಗುತ್ತದೆ ಎಂದರು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಆ ಊರಿನಲ್ಲಿ ಲೆಕ್ಕ ಕೇಳುವ ಪದ್ಧತಿಯೇ ಇರಲಿಲ್ಲ. ಹಾಗೆಂದು ಅವರೇನೂ ದಡ್ಡರಲ್ಲ. ಅನುಮಾನ ಬಂದವರು ಬಾಯಿ ಬಿಡದೆ ಮುಂದಿನ ಬೆಳೆಗೆ ಬೊಗಸೆ ಕೊಡುವುದನ್ನು ನಿಲ್ಲಿಸುತ್ತಿದ್ದರು, ಅಷ್ಟೇ. ಬಾಯಿ ಬಿಟ್ಟು ಕೇಳಿದರೆ ಎದುರಿಗಿರುವವನನ್ನು ಕಳ್ಳ ಎಂದ ಹಾಗೆ. ಇದು ನನಗೆ ಗೊತ್ತಿತ್ತು. ಬೆಕ್ಕಿಗೆ ಗಂಟೆ ಕಟ್ಟಲು ಬೇರೆ ಯಾರೂ ಇರಲಿಲ್ಲವಾಗಿ ನಾನೇ ಹೋದೆ.

ಯಜಮಾನರು ಜಗಲಿಯ ಮೇಲೆ ಕೂತಿದ್ದರು. ಬಿಲ್ಲು, ರಸೀದಿ ಏನಾದರೂ ಇದೆಯೇ ಎಂದು ಕೇಳಿದೆ.

“ರಾಗಿ ಅಳ್ದು ಕೊಟ್ಟಿದ್ಕೆ ಯಾವ ಬಿಲ್ಲು ತರ್ಲಿ, ಟೀಚರಮ್ಮ?” ಎಂದರು.

ಇನ್ಸ್‌ಪೆಕ್ಟರು ಹೇಳಿದ್ದನ್ನು ಹಾಗೇ ಒಪ್ಪಿಸಿದೆ.

“ಅಂಗಾದ್ರೆ ಆ ದುಡ್ಡೆಲ್ಲ ಇನ್ನೂ ನನ್ ತಾವೇ ಐತೆ ಅಂತಾಯ್ತು.”

ಕಾಗದದ ಪ್ರಕಾರ ಹಾಗೇ ಆಗುತ್ತದೆ ಎಂದೆ. ಅವರು ತಲೆಯಾಡಿಸಿದರು.

ಮುಂದಿನ ವಾರ ವಿಜಯಪುರದ ಬ್ಯಾಂಕಿಗೆ ಅವರೇ ಬಂದರು. ಇಬ್ಬರೂ ಸೇರಿ ಖಾತೆ ತೆರೆದೆವು. ಆವರೆಗಿನ ಎಲ್ಲ ಬೆಳೆಗಳ ಶಾಲೆಯ ಪಾಲನ್ನೂ ಅವರು ಒಂದೇ ಸಲ ಕಟ್ಟಿದರು. ಆ ದುಡ್ಡು ಆಗಲೇ ಗೋಡೆಯಾಗಿ ನಿಂತಿತ್ತು. ಈಗ ಕಟ್ಟಿದ್ದು ಅವರ ಮನೆಯದು. ಅದನ್ನು ನಾನೂ ಯಾರಿಗೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ಇನ್ಸ್‌ಪೆಕ್ಟರು ಪಾಸ್‌ಬುಕ್ ನೋಡಿ, ಹೀಗಿರಬೇಕು ನೋಡಿ ಎಂದರು. ನನ್ನ ಕೆಲಸ ಖಾಯಂ ಆಯಿತು. ಸಂತೋಷವೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಆ ದಿನ ಡಬ್ಬಿಯಲ್ಲಿದ್ದ ಚಿತ್ರಾನ್ನ ತಿಂದು ಮಕ್ಕಳಿಗೆ ಮಗ್ಗಿ ಹೇಳಿಸಿದೆ.

ಅದರ ಮುಂದಿನ ಬೆಳೆಗೆ ಒಂದು ಮನೆಯಿಂದಲೂ ಬೊಗಸೆ ಬರಲಿಲ್ಲ. ಟೀಚರಮ್ಮ ಲೆಕ್ಕ ಕೇಳಿದಳಂತೆ, ಯಜಮಾನರು ದುಡ್ಡು ಕಟ್ಟಿದರಂತೆ, ಊರಿಗೆ ತಿಳಿದದ್ದು ಇಷ್ಟೇ. ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬ, ತಿಂದಿದ್ದನ್ನ ಕಕ್ಕಿದ ಎಂದು ಇನ್ನೊಬ್ಬನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಹಾಗಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂತು, ಹತ್ತಿದೆ.

ಚಾವಣಿಗೆ ಬೇಕಾದಷ್ಟು ದುಡ್ಡು ಖಾತೆಯಲ್ಲಿತ್ತು. ತೆಗೆಯಲು ಇಬ್ಬರ ಸಹಿ ಬೇಕು. ಚೀಟಿ ಬರೆದುಕೊಂಡು ಹೋದಾಗಲೆಲ್ಲ ಯಜಮಾನರು ಕೂರಿಸಿ, ಮಜ್ಜಿಗೆ ಕೊಡಿಸಿ, ಹಿಪ್ಪುನೇರಳೆ ಎಲೆಗೆ ಬಂದ ರೋಗದ ಮಾತಾಡಿ, ಇನ್ನೊಂದು ದಿನ ನೋಡೋಣ ಎಂದು ಕಳಿಸುತ್ತಿದ್ದರು. ಒಮ್ಮೆ ನನಗೆ ಕೋಪವೇ ಬಂತು. ಮಕ್ಕಳ ಮುಖ ನೋಡಿಯಾದರೂ ಸಹಿ ಹಾಕಿ ಎಂದೆ. ಅವರು ಮಜ್ಜಿಗೆಗೆ ಇನ್ನಷ್ಟು ಉಪ್ಪು ಬೇಕೇ ಎಂದು ಕೇಳಿದರು. ಬೇರೆ ಅಧ್ಯಕ್ಷರನ್ನು ಮಾಡೋಣವೆಂದರೆ, ಅವರಿರುವಾಗ ಆ ಜಾಗದಲ್ಲಿ ಕೂರುವ ಎದೆ ಯಾರಿಗೂ ಇರಲಿಲ್ಲ. ಬೆನ್ನ ಹಿಂದೆ ಆಡಿಕೊಂಡವರಿಗೂ ಇರಲಿಲ್ಲ.

ಚಾವಣಿಯಿಲ್ಲದ ಗೋಡೆಗಳ ನಡುವೆ ಎಕ್ಕದ ಗಿಡ ಬೆಳೆಯಿತು. ಮೂರನೇ ತರಗತಿಯ ಮಕ್ಕಳು ಗೋಡೆಯ ನೆರಳಿನಲ್ಲಿ ಕೂತು, ಬಿಸಿಲು ಬಂದಂತೆಲ್ಲ ಜರುಗಿಕೊಳ್ಳುತ್ತಿದ್ದರು. ವರ್ಷಗಳು ಹಾಗೇ ಹೋದವು. ವರ್ಷಕ್ಕೊಮ್ಮೆ ಬರುವ ಆಡಿಟಿನವರು ನಮ್ಮ ಲೆಕ್ಕದಲ್ಲಿ ಒಂದು ತಪ್ಪೂ ಕಾಣಲಿಲ್ಲ. ಒಂದು ರೂಪಾಯಿಯೂ ಅಲ್ಲಾಡದ ಲೆಕ್ಕದಲ್ಲಿ ತಪ್ಪು ಎಲ್ಲಿಂದ ಬರಬೇಕು?

ತೊಂಬತ್ತರ ದಶಕದ ನಡುವೆ ಯಜಮಾನರು ತೀರಿಕೊಂಡರು. ತಿಥಿ ಕಳೆದ ಮೇಲೆ ಅವರ ಹೆಂಡತಿಯನ್ನು ಮಾತಾಡಿಸಲು ಹೋದೆ. ಚಾಪೆ ಹಾಸಿ ಕೂರಿಸಿದರು, ಕಾಫಿ ಕೊಟ್ಟರು. ಸಮಿತಿಗೆ ಹೊಸ ಅಧ್ಯಕ್ಷರನ್ನು ಮಾಡಿದ್ದಾರೆ, ಇನ್ನು ಚಾವಣಿ ಆಗುತ್ತದೆ ಎಂದೆ. ಅವರಿಗೆ ಸಮಾಧಾನವಾಗಲಿ ಎಂದೇ ಹೇಳಿದ್ದು.

ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ಗೋಡೆ ಕಟ್ಸಿದ್ನ ನೀವು ದಿನಾ ನೋಡ್ತಿದ್ರಿ. ನಾನು ನೋಡಿದ್ದೀನಿ ಅಂತ ಒಂದ್ ಮಾತು ಬರ್ದು ಕೊಟ್ಟಿದ್ರೆ ಆಗ್ತಿರ್ಲಿಲ್ವಾ ಅಂತಿದ್ರು ನಮ್ಮೋರು, ಟೀಚರಮ್ಮ. ಸಾಯೋಗಂಟ ಅದೊಂದೇ ಮಾತು.”

ಹಾಗೆ ಬರೆದುಕೊಡಲು ಬರುವುದಿಲ್ಲ, ರೂಲ್ಸಿನಲ್ಲಿ ಇಲ್ಲ ಎಂದೆ. ಬರುತ್ತಿತ್ತೋ ಏನೋ, ನನಗೆ ಗೊತ್ತಿಲ್ಲ. ಇನ್ಸ್‌ಪೆಕ್ಟರನ್ನು ನಾನು ಅದೊಂದನ್ನು ಕೇಳಿರಲಿಲ್ಲ.