ಅಕ್ಕನ ವೆಲ್ಡಿಂಗ್ ಜನರೇಟರ್

ಸಾರವಾಡದಲ್ಲಿರುವ ನನ್ನ ಅಕ್ಕ ವೆಲ್ಡಿಂಗ್ ಮಾಡುತ್ತಾಳೆ. ಹೊಲಕ್ಕೇ ಹೋಗಿ ಟ್ರೇಲರ್, ಕುಂಟೆ ರಿಪೇರಿ ಮಾಡಿಕೊಡಬೇಕಾಗುವುದರಿಂದ ಡೀಸೆಲ್ ಎಂಜಿನ್ನಿನಿಂದ ತಿರುಗುವ ಹಳೆಯ ಡಿ.ಸಿ. ಜನರೇಟರ್ ಒಂದನ್ನು ಗಾಲಿಗಳ ಮೇಲೆ ಕೂರಿಸಿಕೊಂಡಿದ್ದಾಳೆ. ಕಳೆದ ವರ್ಷ ಬೇರಿಂಗ್ ಬದಲಿಸಲು ಅದನ್ನು ಬಿಚ್ಚಿ ಜೋಡಿಸಿದರು. ಆಮೇಲೆ ಎಂಜಿನ್ ಗುಡುಗುತ್ತಿತ್ತು, ಕಿಡಿ ಮಾತ್ರ ಹಾರಲಿಲ್ಲ. ಒಳಗೆ ತಿರುಗುವ ಆರ್ಮೇಚರ್ ಸುಟ್ಟಿದೆ, ಗುಜರಿಗೆ ಹಾಕಿ ಎಂದು ಮೆಕ್ಯಾನಿಕ್ ಹೇಳಿ ಹೋದನಂತೆ.

ನಾನು ವಿಜಯಪುರದ ಕಾಲೇಜೊಂದರಲ್ಲಿ ಎಲೆಕ್ಟ್ರಿಕಲ್ ಲ್ಯಾಬ್ ನೋಡಿಕೊಳ್ಳುವವಳು. "ಗುಜರಿಗೆ ಕೊಡಬ್ಯಾಡ ಬೇ, ಐತವಾರ ನಾನ ಬರ್ತೀನಿ" ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

ಭಾನುವಾರ ಜಲನಗರದ ನನ್ನ ಮನೆಯಿಂದ ಮೀಟರ್ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಪರೀಕ್ಷಿಸಿದರೆ ಆರ್ಮೇಚರ್ ಚೆನ್ನಾಗಿಯೇ ಇತ್ತು. ಅದರ ಸುತ್ತ ಅಯಸ್ಕಾಂತ ಹುಟ್ಟಿಸುವ ಫೀಲ್ಡ್ ಸುರುಳಿಗಳೂ ಕಡಿದಿರಲಿಲ್ಲ. ಆದರೆ ಅವುಗಳ ಎರಡು ತುದಿಗಳನ್ನು ಅದಲುಬದಲಾಗಿ ಕಟ್ಟಿದ್ದರು.

"ಕಬ್ಬಿಣದಾಗ ಚೂರು ಅಯಸ್ಕಾಂತ ಉಳದಿರತೈತಿ. ಅದರಿಂದ ಮೊದಲ ಸ್ವಲ್ಪ ಕರೆಂಟ್ ಹುಟ್ಟತೈತಿ. ಅದು ಈ ಸುರುಳ್ಯಾಗ ಹರದು ಅಯಸ್ಕಾಂತಕ್ಕ ಬಲ ಕೊಡತೈತಿ, ಬಲ ಬಂದಂಗ ಕರೆಂಟೂ ಏರತೈತಿ" ಎಂದು ಅಕ್ಕನಿಗೆ ವಿವರಿಸಿದೆ.

"ಅಂದ್ರ ಹಾಲಿಗೆ ಹೆಪ್ಪು ಹಾಕಿದಂಗ?"

"ಹೂಂ, ಹಂಗ. ತುದಿ ಉಲ್ಟಾ ಆದ್ರ ಇದ್ದ ಹೆಪ್ಪೂ ಕೆಡತೈತಿ."

ತುದಿಗಳನ್ನು ಸರಿಪಡಿಸಿ ಎಂಜಿನ್ ಶುರು ಮಾಡಿಸಿದೆ. ಮೀಟರಿನ ಮುಳ್ಳು ಸೊನ್ನೆಯಲ್ಲೇ ನಿಂತಿತು. ಮುರಿದ ಕುಂಟೆಯನ್ನು ಟ್ರ್ಯಾಕ್ಟರಿನಲ್ಲಿ ತಂದು ಕಾಯುತ್ತಿದ್ದ ರೈತರೊಬ್ಬರು, "ಟೀಚರ್ರ, ಪುಸ್ತಕದಾಗ ಬ್ಯಾರೆ ಇರತೈತೇನ್ರಿ?" ಎಂದರು. ನನ್ನ ಕಿವಿ ಬಿಸಿಯಾಯಿತು. ನಾನು ಹೇಳಿದ ಮಾತನ್ನು ನಾನೇ ಪೂರ್ತಿ ಕೇಳಿಸಿಕೊಂಡಿರಲಿಲ್ಲ. ತುದಿಗಳನ್ನು ಉಲ್ಟಾ ಕಟ್ಟಿ ಓಡಿಸಿದ ಆ ದಿನವೇ ಉಳಿದಿದ್ದ ಅಯಸ್ಕಾಂತ ಶಕ್ತಿ ಅಳಿಸಿಹೋಗಿತ್ತು.

"ಯಪ್ಪಾ, ಹೊಸಾ ಹೆಪ್ಪು ಹಾಕಬೇಕು, ನಿಮ್ಮ ಟ್ರ್ಯಾಕ್ಟರ್ ಬ್ಯಾಟರಿ ಸ್ವಲ್ಪ ಕೊಡ್ರಿ" ಎಂದೆ. ಎಂಜಿನ್ ನಿಲ್ಲಿಸಿ, ಫೀಲ್ಡ್ ತಂತಿಗಳನ್ನು ಬಿಡಿಸಿ, ಬ್ಯಾಟರಿಯ ಪ್ಲಸ್ಸನ್ನು ಸುರುಳಿಯ ಪ್ಲಸ್ ತುದಿಗೇ, ಮೈನಸ್ಸನ್ನು ಮೈನಸ್ಸಿಗೇ ತಾಗಿಸಿ ಕೆಲವು ಸೆಕೆಂಡು ಹಿಡಿದೆ. ಮತ್ತೆ ಕಟ್ಟಿ ಎಂಜಿನ್ ಹಚ್ಚಿದಾಗ ಮುಳ್ಳು ಒಮ್ಮೆ ನಡುಗಿತು, ಆಮೇಲೆ ನಿಲ್ಲದೆ ಏರಿತು.

ಅಕ್ಕ ಮುಖಕ್ಕೆ ಗುರಾಣಿ ಇಳಿಸಿಕೊಂಡು ಕಡ್ಡಿ ತಾಗಿಸಿದಳು. ಚರ್ರನೆ ನೀಲಿ ಬೆಳಕು ಹೊತ್ತಿಕೊಂಡಿತು. ಕುಂಟೆ ಬೆಸೆದು ಮುಗಿಯುವವರೆಗೂ ಅವಳು ತಲೆ ಎತ್ತಲಿಲ್ಲ. ಕೊನೆಗೆ ಎದ್ದು, "ಆ ಬ್ಯಾಟರಿ ಹಚ್ಚೂದು ನನಗೂ ಕಲಸು" ಎಂದಳು. ಕಲಿಸಿದೆ. ಎರಡನೇ ಸಲಕ್ಕೇ ಅವಳ ಕೈಗೆ ಬಂತು.

ಮರುದಿನ ಲ್ಯಾಬಿನ ಜನರೇಟರಿನಲ್ಲಿ ಫೀಲ್ಡ್ ತುದಿಗಳನ್ನು ಬೇಕೆಂದೇ ಉಲ್ಟಾ ಕಟ್ಟಿಟ್ಟು, "ಇದರಾಗ ಕರೆಂಟ್ ಯಾಕ ಏಳವಲ್ದು, ಪುಸ್ತಕ ಮುಚ್ಚಿ ಹೇಳ್ರಿ" ಎಂದು ವಿದ್ಯಾರ್ಥಿಗಳ ಮುಂದೆ ಕೈಕಟ್ಟಿ ನಿಂತೆ.