ಸೆರಗಿಲ್ಲದ ಸೇನಾಪತಿ

ಇಳಕಲ್ಲಿನ ನಮ್ಮ ಕಾಕಾನಿಗೆ ದೇವರು ಇಬ್ಬರು. ಒಬ್ಬ ಮನೆದೇವರು, ಇನ್ನೊಬ್ಬ ಚೀನಾದ ಕಮ್ಯುನಿಸ್ಟ್ ಸೇನಾಪತಿ. ಮೊದಲನೆಯವನಿಗೆ ಸೋಮವಾರ ಒಂದು ಕಾಯಿ ಒಡೆದರೆ ಮುಗಿಯಿತು. ಎರಡನೆಯವನ ಗುಣಗಾನ ಮಾತ್ರ ವಾರವೆಲ್ಲ ನಡೆಯುತ್ತಿತ್ತು.

ಕಾಕಾ ಕೈಮಗ್ಗದ ನೇಕಾರ. ಯಾವುದೋ ಹಳೇ ಪುಸ್ತಕದಲ್ಲಿ ಆ ಸೇನಾಪತಿಯ ಕಥೆ ಓದಿ ಮರುಳಾಗಿದ್ದ. ಬಡ ರೈತನ ಮಗ, ದನ ಕಾಯ್ದವ, ಕೆಂಪು ಸೇನೆ ಸೇರಿ, ಹಿಮದ ಬೆಟ್ಟ ಹತ್ತಿಳಿದು, ಕೊನೆಗೆ ದೇಶದ ರಕ್ಷಣಾ ಮಂತ್ರಿಯಾದ. ಯಾರಿಗೇ ಆಗಲಿ ಮುಖದ ಮೇಲೆ ಹೇಳುವ ಆಸಾಮಿ. ಖರೆ ಮಾತಾಡಿದವನು ದೊಡ್ಡವನಾಗುತ್ತಾನೆ ಎಂಬುದು ಕಾಕಾ ಅದರಿಂದ ಕಲಿತ ನೀತಿ. ಇನ್ನೇನು ಕಲಿತಾನು? ಪುಸ್ತಕ ಅಲ್ಲಿಗೇ ಮುಗಿದಿತ್ತು. ಉಳಿದ ಹಾಳೆಗಳನ್ನು ಕಾಕಿ ಒಲೆ ಹಚ್ಚಲು ಹರಿದಿದ್ದಳು. ಇಳಕಲ್ ಸೀರೆಯಲ್ಲಿ ಮೈಯ ಎಳೆ ಬೇರೆ, ಸೆರಗಿನ ಎಳೆ ಬೇರೆ. ಒಂದೊಂದನ್ನೂ ಕೊಂಡಿ ಹಾಕಿ ಕೂಡಿಸಬೇಕು. ಜನ್ಮವಿಡೀ ಸೆರಗು ಕೂಡಿಸಿದ ಮನುಷ್ಯ ಈ ಕಥೆಯ ಸೆರಗೆಲ್ಲಿ ಎಂದು ಕೇಳಲೇ ಇಲ್ಲ.

ಹೋದ ವರ್ಷ ಕಾಕಾ ನೇಕಾರರ ಸಂಘದ ನಿರ್ದೇಶಕನಾಗಿದ್ದ. ಸಂಘದ ಅಧ್ಯಕ್ಷರು ಪವರ್‌ಲೂಮ್ ಸೀರೆಗೆ ಕೈಮಗ್ಗದ ಚೀಟಿ ಹಚ್ಚಿ ಮಾರಿಸುತ್ತಿರುವುದು ಅವನಿಗೆ ಗೊತ್ತಾಯಿತು. ಅಧ್ಯಕ್ಷರು ಅವನ ಬಾಲ್ಯದ ಗೆಳೆಯ. ಆದರೂ ಈ ಮೋಸದ ಬಗ್ಗೆ ಸಭೆಯಲ್ಲಿ ಒಂದು ಪತ್ರ ಓದಿ, ಸಂಘಕ್ಕೆ ಕೊಟ್ಟೇ ತೀರುತ್ತೇನೆಂದ. ಅವನ ಅಕ್ಷರ ಕೋಳಿ ಕೆದರಿದಂತೆ. ಹಾಗಾಗಿ ಹುನಗುಂದದ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿಯಾಗಿದ್ದ ನನ್ನನ್ನು ಅದನ್ನು ಬರೆದುಕೊಡಲು ಕರೆಸಿದ. ಅದೇ ಅಧ್ಯಕ್ಷರು ನಮ್ಮ ಕಾಲೇಜಿನ ಆಡಳಿತ ಮಂಡಳಿಯಲ್ಲೂ ಇದ್ದರು. ನನಗೆ ಹೆದರಿಕೆಯಾಯಿತು, ಖರೆ ಹೇಳಬೇಕೆಂದರೆ, ಕಾಕಾನಿಗಿಂತ ಹೆಚ್ಚು ನನ್ನ ಸಲುವಾಗಿ.

ಅವನನ್ನು ತಡೆಯಲು ಕಥೆಯ ಸೆರಗು ತೆಗೆದು ಹರವಿದೆ. ಮಂತ್ರಿಯಾದ ಮೇಲೆ ಸೇನಾಪತಿ ಹಳ್ಳಿಗಳಲ್ಲಿ ಜನ ಹಸಿದದ್ದನ್ನು ಕಂಡ. ಹಳೆಯ ಸಂಗಾತಿಯೇ ಆಗಿದ್ದ ದೇಶದ ದೊಡ್ಡ ನಾಯಕನಿಗೆ ಪತ್ರ ಬರೆದ. ಖುರ್ಚಿ ಹೋಯಿತು. ಊರ ಅಂಚಿನಲ್ಲಿ ಕಾಯಿಪಲ್ಲೆ ಬೆಳೆಯುತ್ತ ಕೂತ. ಮುಂದೆ ಆ ನಾಯಕನ ಹಿಂಬಾಲಕರು ಎಳೆದಾಡಿ ಹೊಡೆದರು, ಕೈದಿಯಾಗಿಯೇ ಸತ್ತ. ಸತ್ತು ವರ್ಷಗಳಾದ ಮೇಲೆ, ತಪ್ಪಾಯಿತೆಂದು ಗೌರವ ವಾಪಸು ಕೊಟ್ಟರು.

ಕಾಕಾನ ಲಾಳಿ ನಿಂತಿತು. ನನ್ನತ್ತ ತಿರುಗಿ ಕೇಳಿದ:

"ಆ ಪತ್ರದಾಗ ಸುಳ್ಳ ಏನರ ಇತ್ತೇನ?"

"ಇಲ್ಲ ಕಾಕಾ."

"ಹಂಗಾರ ನೀ ಬರಿ."

ಬರೆದೆ. ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದೆ. ಕೋಳಿ ಇನ್ನೊಮ್ಮೆ ಕೆದರಿತು. ಕಾಕಾ ನೋಡಿ, ಹಾಳೆ ಮಡಚಿ ಜೇಬಿಗಿಟ್ಟ. ನನಗೆ ನಾಚಿಕೆಯಾಯಿತು.

ಹಿಂದಿನ ದಿನ ಅವನ ಬೆನ್ನು ತಟ್ಟಿದ ನಿರ್ದೇಶಕರೆಲ್ಲ, ಸಭೆಯಲ್ಲಿ ಅವನು ಪತ್ರ ಓದುವಾಗ ಮೇಲಿನ ಫ್ಯಾನ್ ನೋಡುತ್ತ ಕೂತರಂತೆ. ಚಹಾ ಬರುವುದರೊಳಗೆ ಕಾಕಾನ ನಿರ್ದೇಶಕಗಿರಿ ಹೋಯಿತು. ಮನೆಗೆ ಬಂದವನೇ ಕಾಕಿಗೆ ಬದನೆ ಬೀಜ ಕೇಳಿದ. ಅಷ್ಟು ದಿನ ಅವನನ್ನು ಬೈದ ಕಾಕಿ ಅಂದು ತಾನೇ ಹಿತ್ತಲು ಅಗೆದಳು.

ಮೊದಲ ಬದನೆಕಾಯಿಗಳನ್ನು ಅಧ್ಯಕ್ಷರ ಮನೆಗೆ ಕೊಟ್ಟು ಬಾ ಎಂದು ಕಾಕಾ ನನ್ನನ್ನೇ ಕಳಿಸಿದ. ಅಧ್ಯಕ್ಷರು ಚೀಲದೊಳಗೆ ಇಣುಕಿ, ಏನಾದರೂ ಹೇಳಿ ಕಳಿಸಿದ್ದಾನೆಯೇ ಎಂದು ಕೇಳಿದರು. ಎಣಗಾಯಿ ಮಾಡಿಸಿಕೊಂಡು ಉಣ್ಣಬೇಕಂತೆ ಎಂದೆ. ಅವರು ನಕ್ಕರು. ಬಾಗಿಲವರೆಗೆ ಹೋದವಳು ತಿರುಗಿ ಬಂದೆ.

"ಆ ಪತ್ರ ಬರದಾಕಿ ನಾನ್ರಿ," ಎಂದೆ.

ನಗು ನಿಂತಿತು. ಈ ವರ್ಷ ಕಾಲೇಜಿನವರು ನನ್ನನ್ನು ಪಾಠಕ್ಕೆ ಕರೆಯಲಿಲ್ಲ. ಕಾಕಾನ ಹಿತ್ತಲಿನಲ್ಲಿ ಮೆಂತ್ಯದ ಮಡಿ ಈಗ ನನ್ನದು.